ತವಾದ ಅಂಚಿನ ಅರ್ಧ ನೀರುಳ್ಳಿ

ನನ್ನ ಜಾಗ ಗಾಜಿನ ಹಿಂದೆ. ಮುಂಬಯಿಯ ಮುಲುಂಡ್ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗುವವರಿಗೆ ನಮ್ಮ ಹೋಟೆಲಿನ ಬೋರ್ಡಿಗಿಂತ ಮೊದಲು ಕಾಣುವುದು ಆ ಗಾಜು, ಗಾಜಿನ ಹಿಂದೆ ದೋಸೆಯ ತವಾ, ತವಾದ ಹಿಂದೆ ನಾನು. ಬಿಳಿ ಹಿಟ್ಟು ಸುತ್ತುತ್ತಾ ಅಗಲವಾಗುವುದನ್ನು ನೋಡಿ ಮಕ್ಕಳು ನಿಂತುಬಿಡುತ್ತಿದ್ದರು. ಮಕ್ಕಳ ಕೈ ಹಿಡಿದವರು ಬೇರೆ ದಾರಿ ಕಾಣದೆ ಒಳಗೆ ಬರುತ್ತಿದ್ದರು. ಇದೆಲ್ಲ ನನ್ನ ಕೈಯ ಪ್ರತಾಪವೆಂದು ನಾನು ಎದೆಯುಬ್ಬಿಸಿಕೊಂಡಿದ್ದೆ. ಹೀಗಿರುವಾಗ ಒಂದು ಬೆಳಿಗ್ಗೆ ಹೋಟೆಲಿನ ಧಣಿಗಳು ದಹಿಸರಿನ ಹೋಟೆಲೊಂದರಿಂದ ನಮ್ಮೂರ ಕಡೆಯವನೊಬ್ಬನನ್ನು ಕರೆತಂದು ನನ್ನ ತವಾದ ಮುಂದೆ ನಿಲ್ಲಿಸಿದರು.

“ಭಟ್ರೆ, ಇನ್ನು ಎದುರಿನ ತವಾಕ್ಕೆ ಇವ. ನೀವು ಒಳಗಿನ ತವಾ ನೋಡಿಕೊಳ್ಳಿ. ನಿಮಗೂ ಪ್ರಾಯ ಆಯ್ತಲ್ಲ, ಸ್ವಲ್ಪ ಆರಾಮ ಆಗ್ಲಿ.”

ಆರಾಮವಂತೆ! ಒಳಗಿನ ತವಾ ಇರುವುದು ಗಾಳಿಯಾಡದ ಮೂಲೆಯಲ್ಲಿ, ಎದುರಿನ ತವಾದ ಬೆನ್ನಿಗೆ. ಹೊರಗಿನವರಿಗೆ ನಾನು ಕಾಣುವುದಿಲ್ಲ, ನನಗೆ ಹೊರಗಿನದು ಕಾಣುವುದಿಲ್ಲ. ದಿನವಿಡೀ ಕಾಣುವುದೆಂದರೆ ಆ ದಹಿಸರಿನವನ ಬೆನ್ನು ಮತ್ತು ಕೈ. ಗಿರಾಕಿಗಳಿಗೆ ಅವನ ಮುಖ, ನನಗೆ ಅವನ ಬೆವರಿದ ಅಂಗಿ. ಹೊಟ್ಟೆ ಉರಿಯಿತು. ಅದನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯ ನನಗಿಲ್ಲ.

ಅವನ ಕೈ ಕೆಟ್ಟದಿರಲಿಲ್ಲ. ಕೆಟ್ಟದಿದ್ದಿದ್ದರೆ ನಾನು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆ. ಹಿಟ್ಟು ಹರಡುವಾಗ ಮಣಿಕಟ್ಟು ಮಾತ್ರ ಆಡುತ್ತಿತ್ತು, ಮೊಣಕೈ ಅಲ್ಲಾಡುತ್ತಿರಲಿಲ್ಲ. ದೋಸೆಯ ಅಂಚು ಕಾಗದದ ಹಾಗೆ ಎದ್ದು ಬರುತ್ತಿತ್ತು. ಸಾಲದ್ದಕ್ಕೆ ನಗುಮುಖ, ಬೆಣ್ಣೆಯಂಥ ಮಾತು, ಗುಜರಾತಿ ಬೇರೆ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಗುಜರಾತಿಗಳೇ ಜಾಸ್ತಿ, ಅವರಲ್ಲಿ ಜೈನರು ಬಹಳ. ಬಂದ ಕೆಲವೇ ವಾರಗಳಲ್ಲಿ ಅವನು ಧಣಿಗಳ ಕಿವಿಯಲ್ಲಿ ಏನೋ ಊದಿದ. ಮರುದಿನ ಗಾಜಿನ ಮೇಲೆ ಹಸಿರು ಅಕ್ಷರದ ಬೋರ್ಡು ಬಂತು: ಇಲ್ಲಿ ಜೈನ್ ದೋಸೆ ಸಿಗುತ್ತದೆ.

ನೆಲದೊಳಗೆ ಬೆಳೆದದ್ದನ್ನು ಜೈನರು ತಿನ್ನುವುದಿಲ್ಲ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ಯಾವುದೂ ಆಗದು. ಅಡುಗೆಮನೆಯಲ್ಲಿ ಎಲ್ಲವನ್ನೂ ಚೊಕ್ಕವಾಗಿಯೇ ಮಾಡಿದರು. ಪಲ್ಯಕ್ಕೆ ಬಟಾಟೆಯ ಬದಲು ಬಾಳೆಕಾಯಿ, ಸಾಂಬಾರಿಗೆ ಬೇರೆ ಪಾತ್ರೆ, ಬೇರೆ ಸೌಟು. ತಪ್ಪು ಹುಡುಕಬೇಕೆಂದು ನಾನು ಮೂಗು ತೂರಿಸಿದೆ, ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ತವಾದ ಅಂಚಿನಲ್ಲಿ.

ನಮ್ಮ ಕಸುಬು ಗೊತ್ತಿಲ್ಲದವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ಕಬ್ಬಿಣದ ತವಾ ಕಾದ ಮೇಲೆ ನೀರು ಚಿಮುಕಿಸಿ, ಹಿಡಿಸೂಡಿಯಿಂದ ಗುಡಿಸಿ, ನೀರುಳ್ಳಿಯನ್ನು ಅಡ್ಡ ಕತ್ತರಿಸಿ ಎಣ್ಣೆಯಲ್ಲಿ ಅದ್ದಿ ತವಾಕ್ಕೆ ಉಜ್ಜುತ್ತೇವೆ. ಎಣ್ಣೆ ತೆಳ್ಳಗೆ, ಎಲ್ಲ ಕಡೆ ಸಮವಾಗಿ ಹತ್ತುತ್ತದೆ. ನೀರುಳ್ಳಿಯ ರಸ ತಾಗಿದ ಕಬ್ಬಿಣ ದೋಸೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಯಾವ ಹೋಟೆಲಿನ ತವಾದ ಪಕ್ಕ ನೋಡಿದರೂ ಒಂದು ಬಟ್ಟಲು, ಅದರಲ್ಲಿ ಸುಟ್ಟ ಮುಖದ ಅರ್ಧ ನೀರುಳ್ಳಿ ಇರುತ್ತದೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ಯೋಚನೆ ಮಾಡುವುದಿಲ್ಲ. ದಹಿಸರಿನವನ ಕೈಯೂ ಹೋಗುತ್ತಿತ್ತು. ಬಟ್ಟಲನ್ನು ಎಣ್ಣೆ ಡಬ್ಬಿಯ ಹಿಂದೆ, ಗಾಜಿನಿಂದ ಕಾಣದ ಹಾಗೆ ಇಟ್ಟಿದ್ದ. ಜೈನ್ ದೋಸೆಯ ಆರ್ಡರ್ ಬಂದಾಗಲೂ ಕಟ್ಟೆಯ ಮರೆಯಲ್ಲಿ ಕೈ ಇಳಿಸಿ, ನೀರುಳ್ಳಿಯನ್ನು ಮುಷ್ಟಿಯಲ್ಲಿ ಮುಚ್ಚಿ, ಸರಕ್ಕನೆ ಒಮ್ಮೆ ಉಜ್ಜಿ ಬಿಡುತ್ತಿದ್ದ. ಅದು ಕಾಣುವುದು ಒಳಗಿನ ತವಾದಿಂದ ಮಾತ್ರ. ಅವನನ್ನು ಗಾಜಿನ ಹತ್ತಿರ ನಿಲ್ಲಿಸಿ ನನ್ನನ್ನು ಒಳಗೆ ತಳ್ಳಿದ್ದಕ್ಕೆ ಧಣಿಗಳಿಗೆ ಅವತ್ತು ಮನಸ್ಸಿನಲ್ಲೇ ಕೈಮುಗಿದೆ.

ಮಧ್ಯಾಹ್ನ ರಶ್ ಇಳಿದ ಮೇಲೆ ಕೇಳಿದೆ. “ಎಂತ ಮಾರಾಯ, ಜೈನ್ ದೋಸೆಗೂ ನೀರುಳ್ಳಿ ಉಜ್ಜುದಾ?”

ಅವನು ಬೆಚ್ಚಲಿಲ್ಲ. “ಉಜ್ಜದೆ ಎಂತ ಮಾಡುದು ಭಟ್ರೆ? ತವಾ ಹಿಡೀತದಲ್ಲ.”

“ಅವರಿಗೆ ಹೇಳಿದ್ದು ಮತ್ತೆ?”

“ದೋಸೆಯಲ್ಲಿ ನೀರುಳ್ಳಿ ಇಲ್ಲ, ಪಲ್ಯದಲ್ಲಿ ಇಲ್ಲ, ಸಾಂಬಾರಿನಲ್ಲಿ ಇಲ್ಲ ಅಂತ ಹೇಳಿದ್ದು. ಉಂಟಾ ಅದರಲ್ಲಿ? ಇಲ್ವಲ್ಲ. ನಾನು ಒಂದು ಸುಳ್ಳೂ ಹೇಳ್ಲಿಲ್ಲ.”

“ತವಾದ್ದು ಹೇಳ್ಲಿಲ್ಲ.”

“ಅದು ಅವರು ಕೇಳ್ಲೂ ಇಲ್ಲ,” ಎಂದು ನಕ್ಕು ಚಹಾ ಕುಡಿಯಲು ಹೋದ.

ನಾನೂ ನನ್ನ ತವಾಕ್ಕೆ ನೀರುಳ್ಳಿ ಉಜ್ಜುತ್ತಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ತಲೆಯ ಮೇಲೆ ಹಸಿರು ಬೋರ್ಡು ಇರಲಿಲ್ಲ. ಧಣಿಗಳಿಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಧಣಿಗಳು ಅವನನ್ನು ಕರೆದು ಗದರಿಸುತ್ತಾರೆ, ಅವನು ನಗುತ್ತಾ ತಲೆ ತುರಿಸುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ನನಗೆ ಅಷ್ಟು ಸಾಲದು. ನಾಲ್ಕು ಜನರ ಮುಂದೆ, ಆ ನಗುಮುಖ ಬಾಡುವ ಹಾಗೆ ಆಗಬೇಕಿತ್ತು. ಗುಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾದೆ.

ಆ ದಿನಗಳಲ್ಲೇ ಎದುರಿನ ಬಿಲ್ಡಿಂಗಿನ ಅಜ್ಜಿ ಬರಲು ಶುರುಮಾಡಿದ್ದು. ಗುಜರಾತಿ ಜೈನರು, ವಿಧವೆ, ಬಿಳಿ ಸೀರೆ, ಕೈಯಲ್ಲಿ ಕೋಲು. ಮನೆಯವರು ಕರೆಯುವ ಹಾಗೆ ಬೀದಿಯವರೆಲ್ಲ ಅವರನ್ನು ಮೋಟಿಬಾ, ಅಂದರೆ ಅಜ್ಜಿ, ಎನ್ನುತ್ತಿದ್ದರು. ನಾನು ಗಾಜಿನ ಹಿಂದಿದ್ದ ಕಾಲದಲ್ಲಿ ಸಂಜೆ ದೇವಸ್ಥಾನದಿಂದ ಬರುವಾಗ ಹೊರಗೆ ಒಂದು ನಿಮಿಷ ನಿಲ್ಲುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ಒಳಗೆ ಕಾಲಿಟ್ಟವರಲ್ಲ. ಬೋರ್ಡು ಬಂದ ಮೇಲೆ ಒಂದು ಸಂಜೆ, ಹೊತ್ತು ಮುಳುಗಿದ ಮೇಲೆ ತಿನ್ನದವರಾದ್ದರಿಂದ ಬಿಸಿಲು ಇಳಿಯುವ ಮೊದಲೇ ಒಳಗೆ ಬಂದು ತವಾದ ಹತ್ತಿರ ನಿಂತರು.

“ಪಕ್ಕಾ ಜೈನ್ ಹೈ ನಾ, ಬೇಟಾ?”

ದಹಿಸರಿನವನು ಸಟ್ಟುಗ ಕೆಳಗಿಟ್ಟು ಎರಡೂ ಕೈ ಜೋಡಿಸಿ ಗುಜರಾತಿಯಲ್ಲಿ ಏನೋ ಹೇಳಿದ. ಪಲ್ಯದಲ್ಲಿಲ್ಲ, ಸಾಂಬಾರಿನಲ್ಲಿಲ್ಲ ಎಂಬುದೇ ಇರಬೇಕು. ಮೋಟಿಬಾ ಕುಳಿತು ತಿಂದರು. ಚೂರು ಚೂರೇ ಮುರಿದು, ಕಣ್ಣು ಮುಚ್ಚಿ ತಿಂದರು. ಕೈ ತೊಳೆದು ಬಂದು ಅವನ ತಲೆಯ ಮೇಲೆ ಕೈಯಿಟ್ಟು ಹಿಂದಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಎಷ್ಟು ವರ್ಷ ಈ ಗಾಜಿನ ಹೊರಗೆ ನಿಂತು ನೋಡಿದೆ ಮಗಾ. ಇವತ್ತು ತಿನ್ನಿಸಿದೆ ನೀನು.”

ಅಯ್ಯೋ ದೇವರೆ! ಅಷ್ಟು ವರ್ಷ ಅವರು ನೋಡಿದ್ದು ನನ್ನ ದೋಸೆ. ಆಸೆ ಹುಟ್ಟಿಸಿದ ಕೈ ನನ್ನದು, ಆಶೀರ್ವಾದ ಅವನ ತಲೆಗೆ. ನನ್ನ ತವಾದ ಮೇಲಿದ್ದ ಸೆಟ್ ದೋಸೆ ಹೊತ್ತಿಹೋಯಿತು.

ಆಮೇಲೆ ಅವರು ಆಗಾಗ ಬರತೊಡಗಿದರು. ಪ್ರತಿ ಸಲ ಅದೇ ಪ್ರಶ್ನೆ, ಅದೇ ಉತ್ತರ, ಕಟ್ಟೆಯ ಮರೆಯಲ್ಲಿ ಅದೇ ಸರಕ್. ಚಿಕ್ಕಂದಿನಿಂದ ನೀರುಳ್ಳಿ ಬಾಯಿಗೆ ತಾಗಿಸಿದವರಲ್ಲವಂತೆ, ನಿಯಮವಂತೆ, ಸಪ್ಲೈಯರ್ ಹೇಳಿದ. ಮಾತು ನನ್ನ ನಾಲಿಗೆಯ ತುದಿಗೆ ಬಂದದ್ದುಂಟು. ಆದರೆ ಹೇಳಿದರೆ ಗುಟ್ಟು ಒಬ್ಬ ಮುದುಕಿಯ ಕಿವಿಯಲ್ಲಿ ಖರ್ಚಾಗಿ ಹೋಗುತ್ತದೆ ಅನ್ನಿಸುತ್ತಿತ್ತು. ನನಗೆ ನಾಲ್ಕು ಜನ ಬೇಕಿತ್ತಲ್ಲ.

ಸಿಕ್ಕಿದರು. ಮೋಟಿಬಾಗೆ ಎಂಬತ್ತು ತುಂಬಿದ್ದಕ್ಕೆ ಮನೆಯವರು ಅವರ ಭಜನಾ ಮಂಡಳಿಯ ಹೆಂಗಸರನ್ನೆಲ್ಲ ಕರೆದು ತಮ್ಮ ಬಿಲ್ಡಿಂಗಿನ ಅಂಗಳದಲ್ಲಿ ಬೆಳಗಿನ ತಿಂಡಿ ಇಟ್ಟುಕೊಂಡರು. “ದೋಸೆಯೇ ಆಗಬೇಕು, ಆ ಹುಡುಗನೇ ಮಾಡಬೇಕು,” ಎಂದು ಮೋಟಿಬಾ ಹಟ ಹಿಡಿದರಂತೆ. ಧಣಿಗಳು ಅವನನ್ನು ತವಾಕ್ಕೂ ನನ್ನನ್ನು ಚಟ್ನಿಗೂ ಕಳಿಸಿದರು. ಚಟ್ನಿಗೆ! ಸಿಟ್ಟನ್ನು ನುಂಗಿಕೊಂಡು ತೆಂಗಿನಕಾಯಿ ಚೀಲ ಹೊತ್ತು ರಸ್ತೆ ದಾಟಿದೆ. ಇವತ್ತು ಆಗುತ್ತದೆ ಎಂದು ನನ್ನ ಒಳಗಿನದ್ಯಾವುದೋ ಕುಣಿಯುತ್ತಿತ್ತು.

ಹೋಟೆಲಿನ ಹೆಚ್ಚುವರಿ ತವಾವನ್ನು ಹಿಂದಿನ ದಿನವೇ ಅಲ್ಲಿಗೆ ಕಳಿಸಿದ್ದರು. ಅಂಗಳಕ್ಕೆ ಹೋಗಿ ನೋಡಿದರೆ ಅದು ಬೆಳ್ಳಿಯ ಹರಿವಾಣದ ಹಾಗೆ ಹೊಳೆಯುತ್ತಿತ್ತು. ಮೋಟಿಬಾರ ಸೊಸೆ ಹೆಮ್ಮೆಯಿಂದ ಹೇಳಿದಳು, ಹೋಟೆಲಿನ ತವಾ ಅಲ್ಲವೇ, ಏನೇನು ತಾಗಿದೆಯೋ ಎಂದು ಕೆಲಸದವಳನ್ನು ಕೂರಿಸಿ ಪೌಡರು ಹಾಕಿ, ತಂತಿಯಿಂದ ತಿಕ್ಕಿಸಿ ತಿಕ್ಕಿಸಿ ಶುದ್ಧ ಮಾಡಿಸಿದ್ದಾಳೆ. ದಹಿಸರಿನವನ ಮುಖ ಇಳಿಯಿತು. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಗೆ ಪಳಗಿದ್ದ ಪದರವನ್ನು ಆ ತಾಯಿ ಕೆರೆದು ಹಾಕಿಸಿದ್ದಳು. ಬರಿಯ ಕಬ್ಬಿಣ ಉಳಿದಿತ್ತು. ಬರಿಯ ಕಬ್ಬಿಣಕ್ಕೆ ಹಿಟ್ಟು ಬಿದ್ದರೆ ಗೋಡೆಗೆ ಸುಣ್ಣ ಹಿಡಿದ ಹಾಗೆಯೇ.

ಗಾಜಿಲ್ಲ, ಕಟ್ಟೆಯಿಲ್ಲ. ಮೇಜಿನ ಮೇಲೆ ಗ್ಯಾಸಿನ ಒಲೆ, ಒಲೆಯ ಮೇಲೆ ತವಾ, ಸುತ್ತ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತ ಬಿಳಿ ಸೀರೆಯ ಹೆಂಗಸರು. ಕೆಲವರು ಎದ್ದು ಬಂದು ತವಾದ ಪಕ್ಕದಲ್ಲೇ ನಿಂತರು. ಅವನ ಅಂಗಿಯ ಜೇಬು ಉಬ್ಬಿತ್ತು. ಅರ್ಧ ನೀರುಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ ಪುಣ್ಯಾತ್ಮ. ಅಷ್ಟು ಕಣ್ಣುಗಳ ನಡುವೆ ತೆಗೆಯುವುದು ಹೇಗೆ? ಬರಿಯ ಎಣ್ಣೆ ಸವರಿ ಮೊದಲನೆಯದನ್ನು ಹೊಯ್ದ. ಹಿಡಿಯಿತು. ಕೆರೆದು ತೆಗೆದ. ಎಣ್ಣೆ ಜಾಸ್ತಿ ಹಾಕಿ ಮತ್ತೊಂದು ಹೊಯ್ದ. ನಡುವೆ ಹರಿದು ಮುದ್ದೆಯಾಯಿತು. ಇನ್ನೊಂದರ ಅಂಚು ಮಾತ್ರ ಎದ್ದಿತು, ಹೊಟ್ಟೆ ಏಳಲಿಲ್ಲ. ಪಕ್ಕದ ತಟ್ಟೆಯಲ್ಲಿ ಚಿಂದಿ ರಾಶಿ ಬಿತ್ತು.

“ಹೋಟೆಲಿನಲ್ಲಿ ಅಂಟುವುದಿಲ್ಲವಲ್ಲ, ಇಲ್ಲಿ ಯಾಕೆ ಅಂಟುತ್ತದೆ?” ಎಂದು ಒಬ್ಬ ಹೆಂಗಸು ಹಿಂದಿಯಲ್ಲಿ ಕೇಳಿದಳು.

“ತವಾ ತೊಳೆದಿದ್ದಾರೆ, ಅದಕ್ಕೆ,” ಎಂದ ದಹಿಸರಿನವನು. ಅದೂ ಸುಳ್ಳಲ್ಲ. ಎಷ್ಟು ನಾಜೂಕಾಗಿ ಬದುಕುತ್ತಾನೆ ನೋಡಿ!

ಅಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಅವನು ತವಾದ ಮೇಲಿಂದ ಕಣ್ಣೆತ್ತದೆ, ಮುಖದಲ್ಲಿ ನಗು ಇಟ್ಟುಕೊಂಡೇ ಕೇಳಿದ. “ಭಟ್ರೆ, ಎಂತ ಮಾಡುದು? ಮರ್ಯಾದೆ ಹೋಗ್ತದೆ.”

ನಾನೂ ನಗುತ್ತಲೇ ಹೇಳಿದೆ. “ಜೇಬಿನಲ್ಲಿ ಉಂಟಲ್ಲ, ತೆಗಿ. ತೆಗೆದು ಎಲ್ಲರ ಎದುರು ಉಜ್ಜು.”

“ನಿಮಗೆ ದಾರಿ ಗೊತ್ತುಂಟು. ನೀವು ದೇವಸ್ಥಾನದ ಅಡುಗೆಮನೆಯಲ್ಲಿ ಕಲ್ತವರು. ಅಲ್ಲಿ ನೀರುಳ್ಳಿ ಇಲ್ಲ.”

“ಗೊತ್ತುಂಟು. ನೀನು ಇಷ್ಟು ದಿನ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ನನಗಾಗಿ ಬಂದ ಗಳಿಗೆ ಅದು. ಅವನ ಜೇಬಿಗೆ ಬೆರಳು ತೋರಿಸಿದರೆ ಸಾಕಿತ್ತು. ಮೋಟಿಬಾ ಕೋಲೂರಿಕೊಂಡು ಕುರ್ಚಿಗಳ ನಡುವೆ ಓಡಾಡುತ್ತಿದ್ದರು, “ಒಂದು ನಿಮಿಷ, ಆಗುತ್ತದೆ, ಬಹಳ ಒಳ್ಳೆಯ ಕೈ ಅವನದು,” ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಅವರ ಮುಖ ನೋಡಿ ನನಗೆ ಕರುಣೆ ಉಕ್ಕಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನನಗೆ ಬಂದದ್ದು ಆಸೆ. ಖಾಲಿ ತವಾ, ಸುತ್ತ ನೋಡುವ ಕಣ್ಣುಗಳು. ಅವನು ಸಟ್ಟುಗವನ್ನು ಹಿಡಿಯ ಕಡೆಯಿಂದ ನನ್ನತ್ತ ಚಾಚಿ, “ನೀವೇ ನಿಲ್ಲಿ ಭಟ್ರೆ,” ಎಂದಾಗ ಬೆರಳು ತೋರಿಸಬೇಕಾದ ಕೈ ಸಟ್ಟುಗವನ್ನು ಹಿಡಿದುಕೊಂಡಿತು.

ಬೆಂಕಿ ಸಣ್ಣ ಮಾಡಿದೆ. ತವಾದ ಮೇಲೆ ಹಿಡಿ ಕಲ್ಲುಪ್ಪು ಹಾಕಿ ಒದ್ದೆ ಬಟ್ಟೆಯಿಂದ ತಿಕ್ಕಿ ತೆಗೆದೆ. ತೆಂಗಿನೆಣ್ಣೆ ಸವರಿ ಹೊಗೆ ಏಳುವ ತನಕ ಕಾಯಿಸಿ, ಒರೆಸಿ, ಮತ್ತೆ ಸವರಿ, ಮತ್ತೆ ಕಾಯಿಸಿದೆ. ಅವಸರ ಮಾಡಿದರೆ ಕಬ್ಬಿಣ ಕೇಳುವುದಿಲ್ಲ. ಹೆಂಗಸರು ಅಷ್ಟರಲ್ಲಿ ಭಜನೆ ಎತ್ತಿಕೊಂಡರು. ಚಟ್ನಿಗೆಂದು ತಂದಿದ್ದ ಕಾಯಿಗಳ ಜುಟ್ಟನ್ನು ಕಿತ್ತು, ನಾರನ್ನು ಜಜ್ಜಿ ಮೆದು ಮಾಡಿ, ದಾರದಿಂದ ಕಟ್ಟಿ ಸಣ್ಣ ಕುಂಚದ ಹಾಗೆ ಮಾಡಿಕೊಂಡೆ. ದೇವಸ್ಥಾನದ ದೋಸೆ ಕಾವಲಿಗೆ ನನ್ನ ಸೋದರಮಾವ ಉಜ್ಜುತ್ತಿದ್ದುದು ಇದನ್ನೇ. ಮುಂಬಯಿಗೆ ಬಂದ ಮೇಲೆ ನೀರುಳ್ಳಿಯ ಸುಲಭ ಕಂಡು ನಾನದನ್ನು ಬಿಟ್ಟಿದ್ದೆ. ನಾರನ್ನು ಎಣ್ಣೆಯಲ್ಲಿ ಅದ್ದಿ ಸುತ್ತಲೂ ಎಳೆದೆ. ಮೊದಲನೆಯ ದೋಸೆ ಅರ್ಧ ಎದ್ದಿತು, ಅದನ್ನು ತೆಗೆದು ಎಸೆದೆ. ಮುಂದಿನದು ಅಂಚಿನಿಂದ ತಾನೇ ಬಿಟ್ಟುಕೊಂಡು ಬಂತು. ಹೆಂಗಸರು ಚಪ್ಪಾಳೆ ತಟ್ಟಿದರು. ನನಗೆ ತಟ್ಟಿದ್ದು, ನನಗೆ!

ಅದನ್ನು ಮೋಟಿಬಾಗೆ ಕೊಟ್ಟೆ. ಆಮೇಲೆ ಹಿಟ್ಟು ಮುಗಿಯುವವರೆಗೂ ತವಾ ಬಿಡಲಿಲ್ಲ. ಚಟ್ನಿಯನ್ನು ದಹಿಸರಿನವನು ರುಬ್ಬಿದ.

ಎಲ್ಲ ಮುಗಿದು ತವಾ ಆರಿಸುತ್ತಿರುವಾಗ ಮೋಟಿಬಾ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ನಾರಿನ ಕುಂಚವನ್ನು ಎತ್ತಿ ನೋಡಿದರು, ಮೂಸಿದರು.

“ಹೋಟೆಲಿನಲ್ಲೂ ಇದರಿಂದಲೇ ಅಲ್ಲವಾ ಉಜ್ಜುವುದು?”

ಕೇಳಿಬಿಟ್ಟರು. ಹೌದು ಎಂದರೆ ನೇರ ಸುಳ್ಳು. ಅಲ್ಲ ಎನ್ನಲು ಅವರ ಹುಟ್ಟುಹಬ್ಬದ ದಿನ ನಾಲಿಗೆ ಏಳಲಿಲ್ಲ. ಆದರೆ ಅವನನ್ನು ಸುಮ್ಮನೆ ಬಿಟ್ಟುಬಿಡಲೂ ನನಗೆ ಮನಸ್ಸಿರಲಿಲ್ಲ.

“ಅಬ್ ಸೆ, ಮೋಟಿಬಾ,” ಎಂದೆ. ಇನ್ನು ಮುಂದೆ.

ಅವರ ಕೈ ನಿಂತುಹೋಯಿತು. ಜಾಣೆ, ಮತ್ತೊಂದು ಮಾತು ಬೇಕಾಗಲಿಲ್ಲ. ಕುಂಚವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನನ್ನನ್ನು ನೋಡಿ, ದೂರದಲ್ಲಿ ಪಾತ್ರೆ ಜೋಡಿಸುತ್ತಿದ್ದ ಅವನನ್ನು ನೋಡಿ, ಕೋಲೂರಿಕೊಂಡು ಲಿಫ್ಟಿನ ಕಡೆಗೆ ಹೋದರು. ನಾನು ಸುಳ್ಳೂ ಹೇಳಲಿಲ್ಲ, ಚಾಡಿಯೂ ಹೇಳಲಿಲ್ಲ, ಕೆಲಸ ಮಾತ್ರ ಆಯಿತು ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ವಾಪಸು ರಸ್ತೆ ದಾಟುವಾಗ ಅವನು ಕೇಳಿದ. “ಮೋಟಿಬಾಗೆ ಎಂತ ಹೇಳಿದ್ರಿ?”

“ಸತ್ಯ ಹೇಳಿದೆ.”

“ಪೂರ್ತಿಯಾ? ನಿಮಗೆ ಮೊದಲಿಂದ ಗೊತ್ತಿತ್ತು ಅಂತಲೂ ಹೇಳಿದ್ರಾ?”

“ಅದು ಅವರು ಕೇಳ್ಲಿಲ್ಲ,” ಎಂದೆ. ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತು ಎಂದು ಹೊಳೆಯಿತು. ಅವನು ನಗಲಿಲ್ಲ. ನಗಬಹುದಿತ್ತು.

ಅಂಗಳದ ಚಪ್ಪಾಳೆಯ ಸುದ್ದಿ ಧಣಿಗಳಿಗೆ ಮುಟ್ಟಿತು. “ಭಟ್ರೆ, ಆ ನಾರು ಗಾಜಿನ ಹತ್ತಿರ ಕಾಣ್ಲಿ. ಜೈನ್ ತವಾ ಬೇರೆಯೇ ಇಡುವ, ನೀವೇ ನಿಲ್ಲಿ,” ಎಂದರು. ನೀರುಳ್ಳಿಯ ವಿಷಯ ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ದಹಿಸರಿನವನು ಒಳಗಿನ ತವಾಕ್ಕೆ ಹೋದ. ನನ್ನ ಗಾಜು ನನಗೆ ಬಂತು. ನನ್ನ ಹಬ್ಬ ನಡೆಯಬೇಕಿತ್ತು. ಆದರೆ ಮೋಟಿಬಾ ಬರಲಿಲ್ಲ. ಸಂಜೆ ದೇವಸ್ಥಾನದಿಂದ ಬರುವಾಗ ರಸ್ತೆಯ ಆ ಬದಿಯಲ್ಲೇ ಹೋಗುತ್ತಿದ್ದರು. ನಿಲ್ಲುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ನಾನು ನಾರಿನ ಕುಂಚವನ್ನು ಗಾಜಿಗೆ ತಾಗುವಷ್ಟು ಎತ್ತಿ ಎತ್ತಿ ಉಜ್ಜುತ್ತಿದ್ದೆ, ಹುಚ್ಚನ ಹಾಗೆ.

ಒಂದು ಮಧ್ಯಾಹ್ನ ದಹಿಸರಿನವನು ಚಹಾಕ್ಕೆಂದು ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು.

“ಎಲ್ಲಿಗೆ ಹೋಗಿದ್ದು ಮಾರಾಯ?”

“ಮೋಟಿಬಾರ ಮನೆಗೆ. ಎಲ್ಲ ಹೇಳಿ ಬಂದೆ.”

“ಎಲ್ಲ ಅಂದ್ರೆ?”

“ಎಲ್ಲ ಭಟ್ರೆ. ಬಟ್ಟಲು ಎಲ್ಲಿ ಇಟ್ಟದ್ದು, ಹೇಗೆ ಉಜ್ಜಿದ್ದು, ಅವತ್ತು ಜೇಬಿನಲ್ಲಿ ತಂದದ್ದು. ಕಾಲು ಹಿಡಿದೆ. ಬೈದರು, ಅತ್ತರು. ಅವರು ಪ್ರಾಯಶ್ಚಿತ್ತಕ್ಕೆ ಉಪವಾಸ ಮಾಡ್ಬೇಕಂತೆ, ನನ್ನಿಂದಾಗಿ. ನಾನೂ ಮಾಡ್ತೇನೆ ಹೇಳಿದೆ. ಕೊನೆಗೆ ಚಹಾ ಕೊಟ್ಟರು.”

ಸಟ್ಟುಗ ಕೆಳಗಿಟ್ಟೆ. “ನನ್ನ ಸುದ್ದಿ?”

“ನಿಮ್ಮ ಹೆಸರು ನಾನು ಎತ್ಲಿಲ್ಲ. ಅವರೇ ಕೇಳಿದ್ರು, ಆಗ ಒಳಗಿನ ತವಾದಲ್ಲಿದ್ದವನಿಗೆ ಗೊತ್ತಿತ್ತಾ ಅಂತ.”

“ನೀನು ಎಂತ ಹೇಳಿದೆ?”

“ಎಂತ ಹೇಳುದು? ಸುಮ್ನಿದ್ದೆ.”

ನನ್ನನ್ನು ಉಳಿಸಲು ಸುಮ್ಮನಿದ್ದ. ಆ ಸುಮ್ಮನಿರುವಿಕೆಯಿಂದ ಮೋಟಿಬಾಗೆ ಎಷ್ಟು ಅರ್ಥವಾಯಿತೆಂದು ನನಗೆ ಗೊತ್ತಿಲ್ಲದೇ ಇರಲಿಲ್ಲ. ಅವನ ಮೇಲೆ ಸಿಟ್ಟು ಮಾಡಲೂ ದಾರಿ ಉಳಿಯಲಿಲ್ಲ. ಅವನು ಹೋಗಿ ಬೈಸಿಕೊಂಡು ಬಂದದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಆ ಬೈಗುಳದಲ್ಲಿ ಅರ್ಧ ಪಾಲು ನನ್ನದಿತ್ತು, ನಾನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ, ಬಿಸಿಲು ಇಳಿಯುವ ಮೊದಲು, ಮೋಟಿಬಾ ರಸ್ತೆ ದಾಟಿ ಒಳಗೆ ಬಂದರು. ಸ್ವಲ್ಪ ಸೊರಗಿದ್ದರು. ನಾನು ಏನೂ ಕೇಳದೆ ತವಾ ಗುಡಿಸಿ, ನಾರಿನಿಂದ ಎಣ್ಣೆ ಎಳೆದು, ಜೀವವೆಲ್ಲ ಕೈಗೆ ತಂದುಕೊಂಡು ದೋಸೆ ಹೊಯ್ದೆ. ಅಂಥ ದೋಸೆಯನ್ನು ನಾನು ಅದಕ್ಕೆ ಮೊದಲು ಹೊಯ್ದದ್ದಿಲ್ಲ. ತಟ್ಟೆಯನ್ನು ನಾನೇ ಅವರ ಮುಂದಿಟ್ಟೆ.

ಅವರು ಮುಟ್ಟಲಿಲ್ಲ. ಎದ್ದು, ಕೋಲೂರಿಕೊಂಡು, ನನ್ನನ್ನು ದಾಟಿ ಒಳಗಿನ ತವಾದ ಹತ್ತಿರ ಹೋದರು. ಬೆವರಿನಲ್ಲಿ ನೆನೆದು ನಿಂತಿದ್ದ ದಹಿಸರಿನವನ ಭುಜ ಮುಟ್ಟಿ, ನನ್ನ ದೋಸೆಯತ್ತ ಬೆರಳು ತೋರಿಸಿ ಕೇಳಿದರು.

“ಪಕ್ಕಾ ಜೈನ್ ಹೈ ನಾ, ಬೇಟಾ?”

ಅವನು ನನ್ನ ಮುಖ ನೋಡಿದ, ತವಾ ನೋಡಿದ, ನಾರು ನೋಡಿದ.

“ಪಕ್ಕಾ, ಮೋಟಿಬಾ,” ಎಂದ.

ಆಮೇಲೆಯೇ ಅವರು ಬಂದು ಕುಳಿತು ದೋಸೆಗೆ ಕೈ ಹಾಕಿದ್ದು.